ಗೋದಾವರಿ ದಂಡೆಯ ಹೋಳಿಗೆ

ಅಮೆರಿಕದಲ್ಲಿ ಯುಗಾದಿಗೆ ಹೋಳಿಗೆ ಮಾಡುವ ಕನ್ನಡದ ಮನೆಯವರಿಗೆ ಅದು ತಮ್ಮದು ಹೌದೋ ಅಲ್ಲವೋ ಎಂಬ ಸಂಶಯ ಬರುವುದಿಲ್ಲ. ಅಕ್ಕಪಕ್ಕದಲ್ಲಿ ಬೇರೆ ಯಾರೂ ಅದನ್ನು ಮಾಡುವುದಿಲ್ಲ. ನಾಶಿಕದ ಸಾತಪುರ, ಅಂಬಡ, ಛತ್ರಪತಿ ಸಂಭಾಜಿನಗರದ ವಾಳೂಜದಂಥ ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಬಂದು ನೆಲೆಸಿದ ಕನ್ನಡಿಗರ ಸ್ಥಿತಿ ಬೇರೆ. ಅದೇ ಚೈತ್ರ ಶುದ್ಧ ಪಾಡ್ಯದ ಬೆಳಿಗ್ಗೆ ಎದುರಿನ ಮರಾಠಿ ಮನೆಯಲ್ಲಿ ಗುಡಿ ಪಾಡವಾದ ಗುಡಿ ಏರಿರುತ್ತದೆ. ಬೇವು ಅಲ್ಲೂ ಇದೆ, ಬೆಲ್ಲ ಅಲ್ಲೂ ಇದೆ. ಶ್ರೀಖಂಡ ಪೂರಿ ಮಾಡದ ಮನೆಯಾದರೆ ಒಲೆಯ ಮೇಲೆ ಕಡಲೆಬೇಳೆಯೂ ಬೇಯುತ್ತಿರುತ್ತದೆ. ಹಾಗಾದರೆ ನಾವು ಮಾಡುವುದರಲ್ಲಿ ನಮ್ಮದು ಯಾವುದು?

ವ್ಯತ್ಯಾಸವೇ ನಮ್ಮದು ಎನ್ನುವವರಿದ್ದಾರೆ. ವ್ಯತ್ಯಾಸ ಇರುವುದು ನಿಜ. ಹಳೆ ಮೈಸೂರಿನವರ ಒಬ್ಬಟ್ಟಿಗೆ ತೊಗರಿಬೇಳೆ, ಎಣ್ಣೆಯಲ್ಲಿ ನೆನೆದ ಮೆತ್ತನೆಯ ಕಣಕ, ಬಾಳೆಎಲೆಯ ಮೇಲೆ ಕೈಯಲ್ಲೇ ತಟ್ಟುವುದು. ಮರಾಠಿ ಮನೆಯ ಪೂರಣ ಪೋಳಿಗೆ ಕಡಲೆಬೇಳೆ, ಗೋಧಿಹಿಟ್ಟು, ಲಟ್ಟಣಿಗೆ. ಬೇಳೆ ಬಸಿದ ಕಟ್ಟಿಗೆ ಗೋಡಾ ಮಸಾಲೆ ಬಿದ್ದು ಆಮಟಿಯಾಗುತ್ತದೆ. ಆದರೆ ಧಾರವಾಡ, ವಿಜಯಪುರದ ಅಡುಗೆಮನೆಗೆ ಹೋದರೆ ಈ ಗೆರೆ ಅಳಿಸಿಹೋಗುತ್ತದೆ. ಅಲ್ಲೂ ಕಡಲೆಬೇಳೆ, ಅಲ್ಲೂ ಲಟ್ಟಿಸುವುದೇ. ನಾಶಿಕದ ಉತ್ತರಕ್ಕಿರುವ ಖಾನ್‌ದೇಶದವರು ಬೋರಲು ಹಾಕಿದ ಮಣ್ಣಿನ ಖಾಪರದ ಮೇಲೆ ಮಾಂಡೆ ಬೇಯಿಸುತ್ತಾರೆ. ಬೆಳಗಾವಿಯ ಮಂಡಿಗೆ ಬೇಯುವುದೂ ಬೋರಲು ಕಡಾಯಿಯ ಮೇಲೆಯೇ. ವ್ಯತ್ಯಾಸವೇ ಗುರುತಾಗಿದ್ದರೆ ಮೈಸೂರಿನವರಿಗೆ ವಿಜಯಪುರದ ಹೋಳಿಗೆಯೂ ಪರರದ್ದಾಗಬೇಕಿತ್ತು.

ಇನ್ನು ಕೆಲವರು ಇತಿಹಾಸಕ್ಕೆ ಕೈಹಾಕುತ್ತಾರೆ. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಗೋದಾವರಿಯವರೆಗೆ ಹೇಳಿತು, ನಾಶಿಕ ಅದೇ ನದಿಯ ದಂಡೆಯಲ್ಲಿದೆ. ಎಲ್ಲೋರದ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. 1956ರವರೆಗೆ ಇಂದಿನ ಸಂಭಾಜಿನಗರವಾದ ಆಗಿನ ಔರಂಗಾಬಾದೂ ಕಲಬುರಗಿ, ಬೀದರಗಳೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಎಲ್ಲವೂ ಸತ್ಯ. ಆದರೆ ಇದರಿಂದ ‘ಇದು ನಮ್ಮದೇ ನೆಲ’ ಎಂಬ ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪಲಾರೆ. ನಮ್ಮ ಪಂಚಾಂಗವೇ ಇದಕ್ಕೆ ಅಡ್ಡ ನಿಲ್ಲುತ್ತದೆ. ಯುಗಾದಿಯಂದು ನಾವು ಬದಲಿಸುವ ವರ್ಷ ಶಾಲಿವಾಹನ ಶಕೆಯದು, ಕ್ರಿ.ಶ. 78ರಿಂದ ಎಣಿಸುವುದು, ಐತಿಹ್ಯ ಆ ಶಾಲಿವಾಹನನನ್ನು ಕೂರಿಸಿರುವುದು ಪೈಠಣದಲ್ಲಿ, ಇದೇ ಸಂಭಾಜಿನಗರ ಜಿಲ್ಲೆಯ ಗೋದಾವರಿ ತೀರದಲ್ಲಿ. ಹಬ್ಬದ ದಿನವನ್ನೇ ಹಂಚಿಕೊಂಡವರು ಹಬ್ಬದ ಅಡುಗೆಗೆ ಬೇಲಿ ಹಾಕುವುದು ಹೇಗೆ?

ಎರಡೂ ವಾದಗಳ ಅಡಿಯಲ್ಲಿ ಒಂದೇ ನಂಬಿಕೆಯಿದೆ: ಒಂದು ವಸ್ತು ನಮ್ಮದಾಗಬೇಕಾದರೆ ಅದು ಇನ್ನೊಬ್ಬರದ್ದಾಗಿರಬಾರದು. ಸೈಟಿನ ವಿಷಯದಲ್ಲಿ ಇದು ಸರಿ. ನಾನು ಕಟ್ಟಿಕೊಂಡಷ್ಟು ನೆಲ ನಿಮಗೆ ಉಳಿಯುವುದಿಲ್ಲ. ಆದರೆ ವಿದ್ಯೆ ಹಾಗಲ್ಲ. ನೆರೆಯವರಿಗೂ ಬರುತ್ತದೆ ಎಂಬ ಕಾರಣಕ್ಕೆ ನನ್ನ ಕೈಗೆ ಬರುವುದು ಕಡಿಮೆಯಾಗುವುದಿಲ್ಲ. ಹೋಳಿಗೆ ಅದನ್ನು ಮಾಡಬಲ್ಲವರದ್ದು, ಮಾಡಲು ಕಲಿಸುವವರದ್ದು.

ಹಾಗಿದ್ದರೆ ಅಂಗಡಿಯ ಪೂರಣ ಪೋಳಿಯನ್ನೇ ತಂದರೆ ಏನು ತಪ್ಪು? ಈ ಪ್ರಶ್ನೆ ಬಲವಾದದ್ದು, ರುಚಿಯ ನೆಪದಲ್ಲಿ ಇದಕ್ಕೆ ಉತ್ತರ ಹೇಳಲಾಗದು. ಅಂಗಡಿಯದು ಎಷ್ಟೋ ಸಲ ನಮ್ಮದಕ್ಕಿಂತ ಚೆನ್ನಾಗಿರುತ್ತದೆ. ತಪ್ಪೇನೂ ಇಲ್ಲ. ಆದರೆ ಕೊಂಡದ್ದರ ಜೊತೆ ವಿದ್ಯೆ ಬರುವುದಿಲ್ಲ. ಬೇಳೆ ಬೆರಳಲ್ಲಿ ಹಿಚುಕಿದರೆ ಒಡೆಯಬೇಕು, ಕರಗಬಾರದು. ಬೆಲ್ಲ ಬಿದ್ದೊಡನೆ ಹೂರಣ ನೀರಾಗುತ್ತದೆ. ಸೌಟು ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾಗುವವರೆಗೆ ಕೈಯಾಡಿಸಬೇಕು. ಕಣಕ ಹೂರಣಕ್ಕಿಂತ ಮೆತ್ತಗಿರಬೇಕು, ಇಲ್ಲವಾದರೆ ಹರಿಯುತ್ತದೆ. ಇದನ್ನು ಬರೆದಿಡಬಹುದು, ಆದರೆ ಎಷ್ಟು ಮೆತ್ತಗೆ ಎಂಬುದು ಕೈಗೇ ತಿಳಿಯಬೇಕು. ಊರಿನಲ್ಲಿ ನಮಗೆ ಬಾರದಿದ್ದರೂ ಅತ್ತೆಗೋ ದೊಡ್ಡಮ್ಮನಿಗೋ ಬರುತ್ತದೆ, ಹಬ್ಬ ನಿಲ್ಲುವುದಿಲ್ಲ. ನಾಶಿಕದ ಎರಡು ಕೋಣೆಯ ಮನೆಯಲ್ಲಿ ಆ ಆಸರೆಯಿಲ್ಲ. ಇಲ್ಲಿ ನಾವು ಬಿಟ್ಟರೆ ಈ ಮನೆಯ ಮಟ್ಟಿಗೆ ಆ ವಿದ್ಯೆ ಮುಗಿಯಿತು. ಬೇಳೆ ನೆನೆಹಾಕುವುದರಿಂದ ಶುರುಮಾಡಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಮರಾಠಿ ಶಾಲೆಗೆ ಹೋಗುವ ಮಗಳು ಅಮ್ಮನಂತೆ ತಟ್ಟದೆ, ಎದುರು ಮನೆಯ ಆಜಿಯಿಂದ ಲಟ್ಟಿಸಲು ಕಲಿತಳು ಎನ್ನಿ. ಹೂರಣಕ್ಕೆ ಜಾಯಿಕಾಯಿ ತುರಿದಳು, ಪೋಳಿ ಎಂದೇ ಕರೆದಳು. ಅದೂ ಆ ಕನ್ನಡ ಮನೆಯ ಹೋಳಿಗೆಯೇ.