ಎರಡು ನಾಯಿ, ಒಂದು ಅಂಗಳ

ಒಂದೇ ಮನೆಯ ಅನ್ನವನ್ನುಂಡು ಬೆಳೆದ ಎರಡು ಗಂಡುನಾಯಿಗಳು ಒಂದು ದಿನ ಒಂದರ ಕೊರಳನ್ನೊಂದು ಹಿಡಿದು ಕಾದಾಡತೊಡಗಿದರೆ ತಪ್ಪು ಯಾರದು? ಮೇಲುನೋಟಕ್ಕೆ ಈ ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಇಬ್ಬರನ್ನು ಸಾಕುವವನು ಇಬ್ಬರಿಗೂ ನ್ಯಾಯವನ್ನು ಸಲ್ಲಿಸುವುದು ಹೇಗೆ ಎಂಬ ದೊಡ್ಡ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಇಬ್ಬರು ಮಕ್ಕಳ ತಂದೆಗೂ, ನಾಲ್ವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕನಿಗೂ ಅದು ತಪ್ಪಿದ್ದಲ್ಲ.

‘ಜಾತಿಗೆ ಜಾತಿ ವೈರಿ, ನಾಯಿಗೆ ನಾಯಿ ವೈರಿ’ ಎಂಬ ಗಾದೆಯನ್ನು ನುಡಿದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಚಲಕರಂಜಿಯ ಮಗ್ಗದ ಓಣಿಗಳಲ್ಲಾಗಲಿ, ಗಡಹಿಂಗ್ಲಜದ ಕಬ್ಬಿನ ತೋಟಗಳ ಬದಿಗಾಗಲಿ ತುಸು ನಿಂತು ನೋಡಿರಿ. ಬೀದಿಯ ನಾಯಿಗಳು ಎಷ್ಟೋ ಸಲ ಹಲ್ಲು ತೋರಿ, ಗುರುಗುಟ್ಟಿ, ಒಂದು ಬದಿಗೆ ಸರಿದೊಡನೆ ವ್ಯಾಜ್ಯವನ್ನು ಮುಗಿಸಿಬಿಡುತ್ತವೆ. ಸರಿದುಹೋಗಲು ಅವಕ್ಕೆ ಬಯಲಿದೆ. ಮನೆಯ ನಾಯಿಗೆ ಆ ಬಯಲಿಲ್ಲ. ಗೋಡೆಯನ್ನು ಕಟ್ಟಿದವರು ನಾವು. ಎರಡನ್ನೂ ಅದರೊಳಗೆ ತಂದವರೂ ನಾವೇ. ಆದುದರಿಂದ ಅಂಗಳದ ಶಾಂತಿಯ ಹೊಣೆಯನ್ನು ನಾಯಿಗಳ ಸದ್ಗುಣದ ಮೇಲೆ ಹೊರಿಸುವುದು ಸಲ್ಲದು.

ಜಗಳಕ್ಕೆ ಕಾರಣಗಳು ಇಲ್ಲದಿಲ್ಲ. ಒಂದು ವರ್ಷ ದಾಟಿ ಪ್ರಾಯಕ್ಕೆ ಬರುವ ಕಿರಿಯ ನಾಯಿ, ನಿನ್ನೆಯವರೆಗೆ ಬಿಟ್ಟುಕೊಡುತ್ತಿದ್ದ ಜಾಗವನ್ನು ಇಂದು ಬಿಟ್ಟುಕೊಡಲೊಲ್ಲದು. ಅನ್ನದ ತಟ್ಟೆ, ಮಲಗುವ ಮೂಲೆ, ಒಡೆಯನ ಕೈಯ ಸವರಿಕೆ, ನೆರೆಯಲ್ಲಿ ಬೆದೆಗೆ ಬಂದ ಹೆಣ್ಣು, ಇವೆಲ್ಲ ಕಿಡಿಗಳೇ. ಕೀಲುನೋವಿನ ಮುದಿನಾಯಿ ಮೈ ತಾಗಿದೊಡನೆ ಕಚ್ಚೀತು. ಮಹಾರಾಷ್ಟ್ರದಲ್ಲಿ ಕಾರವಾನ್ ಎಂದು ಹೆಸರಾದ ಮುಧೋಳದ ಬೇಟೆನಾಯಿ ಓಡಲೆಂದೇ ಬೆಳೆದ ತಳಿ. ಅಂಥ ಎರಡನ್ನು ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಟ್ಟು ಸಂಜೆಗೆ ಸೌಹಾರ್ದವನ್ನು ಬಯಸುವುದು ಎಂಥ ವಿವೇಕ?

ಆಗ ನಮಗೆ ಮೊದಲು ಹೊಳೆಯುವ ಉಪಾಯ ಕೋಲು. ಮಹಾಭಾರತದ ಆದಿಪರ್ವದಲ್ಲಿ, ಜನಮೇಜಯನ ತಮ್ಮಂದಿರು ಯಾಗಶಾಲೆಗೆ ಬಂದ ಸರಮೆಯ ಮರಿಯನ್ನು ಹೊಡೆದಟ್ಟುತ್ತಾರೆ. ಹವಿಸ್ಸನ್ನು ಅದು ನೆಕ್ಕಿರಲಿಲ್ಲ, ನೋಡಿಯೂ ಇರಲಿಲ್ಲ. ನಿರಪರಾಧಿಯನ್ನೇಕೆ ಹೊಡೆದಿರೆಂದು ತಾಯಿನಾಯಿ ಬಂದು ಕೇಳಿದಾಗ ಅವರಲ್ಲಿ ಉತ್ತರವಿಲ್ಲ. ಕಾಣದ ಭಯವೊಂದು ನಿಮ್ಮನ್ನು ಕಾಡಲೆಂದು ಅವಳು ಶಪಿಸುತ್ತಾಳೆ. ವಿಚಾರಿಸದೆ ಎತ್ತಿದ ಕೋಲಿಗೆ ಇಂದಿಗೂ ಅದೇ ಫಲ. ಗುರುಗುಟ್ಟುವುದು ನಾಯಿಯ ಮಾತು, ‘ಇನ್ನು ಮುಂದೆ ಬರಬೇಡ’ ಎಂಬ ಎಚ್ಚರಿಕೆ. ಗುರುಗುಟ್ಟಿದ್ದಕ್ಕಾಗಿ ಹೊಡೆದರೆ ಸಿಟ್ಟು ಅಳಿಯುವುದಿಲ್ಲ, ಮಾತು ಮಾತ್ರ ಅಳಿಯುತ್ತದೆ. ಮುಂದೆ ಅದು ಸದ್ದಿಲ್ಲದೆ ಕಚ್ಚುವುದನ್ನು ಕಲಿಯುತ್ತದೆ.

ಎರಡನೆಯ ಉಪಾಯ, ಬಲಿಷ್ಠವಾದುದನ್ನು ‘ರಾಜ’ನೆಂದು ಒಪ್ಪಿ ಇನ್ನೊಂದನ್ನು ಅದರ ಕಾಲಡಿಗೆ ಬಿಡುವುದು. ಇದಕ್ಕೆ ಶಾಸ್ತ್ರದ ಬೆಂಬಲವಿದೆಯೆಂದು ಬಹುಕಾಲ ನಂಬಿದ್ದರು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸನು ಸೆರೆಯಲ್ಲಿದ್ದ ತೋಳಗಳನ್ನು ನೋಡಿ ಬರೆದುದು ಆ ನಂಬಿಕೆಗೆ ತಳಹದಿಯಾಯಿತು. ಅಮೆರಿಕೆಯ ಡೇವಿಡ್ ಮೆಚ್ ತನ್ನ 1970ರ ಗ್ರಂಥದಿಂದ ಅದನ್ನು ಹಬ್ಬಿಸಿದನು. ಆತನೇ 1999ರಲ್ಲಿ, ಕಾಡಿನ ತೋಳದ ಹಿಂಡೆಂದರೆ ಸಾಮಾನ್ಯವಾಗಿ ತಾಯಿ ತಂದೆ ಮಕ್ಕಳ ಸಂಸಾರವೇ ಹೊರತು ಸಿಂಹಾಸನದ ಹೋರಾಟವಲ್ಲವೆಂದು ತೋರಿಸಿದನು. ಸೆರೆಮನೆಯನ್ನು ನೋಡಿ ಊರಿನ ಸ್ವಭಾವವನ್ನು ಅಳೆದಂತಾಗಿತ್ತು ಆ ಮೊದಲಿನ ತೀರ್ಮಾನ.

ಮೂರನೆಯದು ಎಲ್ಲಕ್ಕಿಂತ ನ್ಯಾಯವಾಗಿ ಕಾಣುವಂಥದು: ಒಂದೇ ತಟ್ಟೆ, ಒಂದೇ ಹೊತ್ತು, ಸಮಪಾಲು. ಇದರ ಹುಳುಕನ್ನು ನಮ್ಮ ಕೊಲ್ಲಾಪುರದ ಒಂದು ಕಥೆ ಚೆನ್ನಾಗಿ ತೋರಿಸುತ್ತದೆ. ಛತ್ರಪತಿ ಶಾಹೂ ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ತೆರವಾದ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟರು. ಇದು ಸರಿಯೇ ಎಂದು ಸಾಂಗಲಿಯ ವಕೀಲರೊಬ್ಬರು ಕೇಳಿದಾಗ ಮಹಾರಾಜರು ಅವರನ್ನು ಲಾಯಕ್ಕೆ ಕರೆದೊಯ್ದರೆಂದು ಜನ ಹೇಳುತ್ತಾರೆ. ಕುದುರೆಗಳು ಬೇರೆಬೇರೆ ಚೀಲಗಳಲ್ಲಿ ತಿನ್ನುತ್ತಿದ್ದ ಕಾಳನ್ನು ಒಂದೆಡೆ ಹರಡಿಸಿದರಂತೆ. ಬಲಿಷ್ಠ ಕುದುರೆಗಳು ನುಗ್ಗಿ ತಿಂದವು. ಬಡಕಲು ಕುದುರೆಗಳೂ ಮರಿಗಳೂ ದೂರ ನಿಂತವು. ಮನುಷ್ಯರ ಹಕ್ಕಿನ ಮಾತು ಬೇರೆ, ನಾಯಿಗಳ ಅನ್ನದ ಮಾತು ಬೇರೆ ಎಂಬುದು ನಿಜ. ಆದರೂ ಕೊಡುವವನಿಗೆ ಅದು ಹೇಳುವ ಬುದ್ಧಿ ಒಂದೇ: ಒಟ್ಟಿಗೆ ಹರಡಿದ್ದು ಸಮಪಾಲಲ್ಲ, ಒಬ್ಬೊಬ್ಬನ ಪಾಲು ಅವನ ಬಾಯಿಗೆ ಮುಟ್ಟಿದಾಗಲೇ ಕೊಟ್ಟದ್ದು ಪೂರ್ತಿಯಾಗುತ್ತದೆ.

ಆದುದರಿಂದ ತಟ್ಟೆಗಳು ಬೇರೆಯಾಗಲಿ, ನಡುವೆ ಬಾಗಿಲಿರಲಿ. ಒಂದೊಂದಕ್ಕೂ ತನ್ನದೆಂಬ ಮೂಲೆಯೂ ಒಡೆಯನೊಡನೆ ಕಳೆಯುವ ಹೊತ್ತೂ ಇರಲಿ. ಮೈ ಬಿರುಸಾಗಿ ದಿಟ್ಟಿ ನೆಟ್ಟಾಗಲೇ ಅವುಗಳನ್ನು ಅಗಲಿಸಬೇಕು. ಕಾದಾಟ ಹತ್ತಿದ ಮೇಲೆ ನಡುವೆ ಕೈ ಹಾಕದೆ ಹಲಗೆಯನ್ನೊಡ್ಡಬೇಕು, ಇಲ್ಲವೆ ನೀರೆರಚಬೇಕು. ಮನುಷ್ಯನಿಗೆ ಹಲ್ಲು ತಾಗಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣತಕ್ಕದ್ದು.

ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಬಹುದೇ ಎಂಬುದು ಕಠಿಣವಾದ ಪ್ರಶ್ನೆ. ನಮ್ಮ ನೆಮ್ಮದಿಗಾಗಿ ಮೂಕಪ್ರಾಣಿಯ ದೇಹವನ್ನು ಕತ್ತರಿಸುವ ಅಧಿಕಾರ ನಮಗೆಲ್ಲಿಯದು? ಪ್ರಾಯದ ಮದದಿಂದ ಹುಟ್ಟಿದ ಜಗಳ ಅದರಿಂದ ಎಷ್ಟೋ ಸಲ ತಗ್ಗುತ್ತದೆ. ಭಯದಿಂದ ಹುಟ್ಟಿದ್ದಕ್ಕೆ ಅದು ಮದ್ದಲ್ಲ. ಹೀಗಿರಲು ಪಶುವೈದ್ಯರಿಂದ ಕಾರಣವನ್ನರಿತು, ನಾಯಿಯ ಹಿತಕ್ಕಾಗಿಯೂ ಮಾಡಿಸಿದರೆ ಅದು ಒಪ್ಪತಕ್ಕದ್ದು. ನಮ್ಮ ಸೋಮಾರಿತನವನ್ನು ಮುಚ್ಚಲು ಮಾಡಿಸಿದರೆ ಒಪ್ಪತಕ್ಕದ್ದಲ್ಲ.

ಇಷ್ಟಾದರೂ ಕೆಲವು ಜೋಡಿಗಳು ಒಂದಾಗುವುದೇ ಇಲ್ಲ. ಆಗ ಒಂದಕ್ಕೆ ಒಳ್ಳೆಯ ಬೇರೆ ಮನೆಯನ್ನು ಹುಡುಕಿಕೊಡುವುದು ದ್ರೋಹವಲ್ಲ. ಊರಾಚೆ ಇಳಿಸಿ ಬರುವುದು ದ್ರೋಹ. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಧರ್ಮರಾಯನು ಒಪ್ಪಲಿಲ್ಲ. ಆ ನಾಯಿ ಅವನಲ್ಲಿ ಏನನ್ನೂ ಬೇಡಿರಲಿಲ್ಲ; ನಂಬಿ ಹಿಂಬಾಲಿಸಿತ್ತು, ಅಷ್ಟೇ. ನಮ್ಮ ಅಂಗಳದ ಎರಡೂ ಹಾಗೆಯೇ ನಂಬಿ ಬಂದವುಗಳು. ಅವು ಪರಸ್ಪರ ಪ್ರೀತಿಸಲೇಬೇಕೆಂಬ ಕರಾರು ಎಲ್ಲಿಯೂ ಇಲ್ಲ. ಒಂದರ ಭಯದಲ್ಲಿ ಇನ್ನೊಂದು ಬಾಳದಂತೆ ನೋಡಿಕೊಳ್ಳುವ ಕರಾರನ್ನು ಮಾತ್ರ, ಮರಿಯನ್ನು ಮನೆಗೆ ತಂದ ದಿನವೇ ನಾವು ಮಾಡಿಕೊಂಡಿರುತ್ತೇವೆ.