ಅಗ್ಗದ ಯಾತ್ರೆಯ ಬೆಲೆ ತೆರುವವರು ಯಾರು?

ಕೈಯಲ್ಲಿ ಎರಡು ಲಕ್ಷ ರೂಪಾಯಿ ಉಳಿತಾಯ, ಮುಂದೆ ಮೂರು ತಿಂಗಳ ಬಿಡುವು. ಯಾವ ದೇಶಕ್ಕೆ ಹೋಗುವುದು? ಈ ಪ್ರಶ್ನೆ ಹೊತ್ತ ತರುಣ ತರುಣಿಯರು ಈಗ ಕರ್ನಾಟಕದ ಸಣ್ಣ ಊರುಗಳಲ್ಲೂ ಸಿಗುತ್ತಾರೆ. ಅವರು ಮೊದಲು ಮಾಡುವುದು ಭಾಗಾಕಾರ. ಇರುವ ಹಣವನ್ನು ಒಂದೊಂದು ದೇಶದ ದಿನದ ಖರ್ಚಿನಿಂದ ಭಾಗಿಸಿ, ಎಲ್ಲಿ ಹೆಚ್ಚು ದಿನ ದಕ್ಕುತ್ತವೋ ಆ ದೇಶವನ್ನು ಗುರುತು ಹಾಕಿಕೊಳ್ಳುತ್ತಾರೆ. ನೇಪಾಳ, ಶ್ರೀಲಂಕಾ, ವಿಯೆಟ್ನಾಂ ಪಟ್ಟಿಯ ಮೇಲಕ್ಕೆ ಬರುತ್ತವೆ. ನಾರ್ವೆ, ಸ್ವಿಟ್ಜರ್ಲೆಂಡ್ ತಳ ಸೇರುತ್ತವೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಕೇಳದೆ ಬಿಟ್ಟ ಧರ್ಮದ ಪ್ರಶ್ನೆಯೊಂದಿದೆ. ಒಂದು ದೇಶ ಹೊರಗಿನವರಿಗೆ ಅಗ್ಗವಾಗುವುದು ಯಾವುದರಿಂದ? ಆ ಅಗ್ಗದ ಭಾರ ಬೀಳುವುದು ಯಾರ ಹೆಗಲ ಮೇಲೆ?

ಪ್ರಶ್ನೆ ಹೊಸದಲ್ಲ. ಕಡಿಮೆ ಹಣದಲ್ಲಿ ದೂರ ಹೋಗುವ ಆಸೆಗೆ ಈ ನೆಲದಲ್ಲಿ ಬಹಳ ಹಳೆಯ ಸಮರ್ಥನೆಯೇ ಇದೆ. ಮಹಾಭಾರತದ ವನಪರ್ವದಲ್ಲಿ ಪುಲಸ್ತ್ಯ ಋಷಿ ಭೀಷ್ಮನಿಗೆ ತೀರ್ಥಗಳ ಮಹಿಮೆ ಹೇಳುವ ಭಾಗವಿದೆ. ಯಜ್ಞಕ್ಕೆ ರಾಶಿ ರಾಶಿ ಸಾಮಗ್ರಿ ಬೇಕು, ನೆರವಿಗೆ ಜನ ಬೇಕು, ಅದು ಅರಸರಿಗೂ ಸಿರಿವಂತರಿಗೂ ಆಗುವ ಮಾತು. ಬಡವನ ಕೈಗೆ ಎಟಕುವುದು ತೀರ್ಥಯಾತ್ರೆ, ಅದರ ಫಲ ಯಜ್ಞಕ್ಕಿಂತ ಮಿಗಿಲು ಎಂಬುದು ಅಲ್ಲಿನ ವಾದ. ಯಾತ್ರೆಯನ್ನು ಬಡವನ ಯಜ್ಞವೆಂದು ಕರೆದ ಪರಂಪರೆಯಲ್ಲಿ, ಹಣವಿಲ್ಲದವನು ಮನೆಯಲ್ಲೇ ಇರಲಿ ಎನ್ನುವ ಹಕ್ಕು ಯಾರಿಗೂ ಇಲ್ಲ.

ಅದೇ ಭಾಗ ಷರತ್ತುಗಳನ್ನೂ ಹಾಕುತ್ತದೆ. ಕೈ, ಕಾಲು, ಮನಸ್ಸು ಹಿಡಿತದಲ್ಲಿರಬೇಕು. ಸಿಕ್ಕಿದ್ದರಲ್ಲಿ ತೃಪ್ತಿ ಇರಬೇಕು. ಅಹಂಕಾರ ಬಿಡಬೇಕು. ಮತ್ತು ಪ್ರತಿಗ್ರಹದಿಂದ, ಅಂದರೆ ಇನ್ನೊಬ್ಬರ ಕೊಡುಗೆಗೆ ಕೈಯೊಡ್ಡುವುದರಿಂದ, ದೂರವಿರಬೇಕು. ಬಡವ ಹೊರಡಬಹುದು, ಆದರೆ ತನ್ನ ಯಾತ್ರೆಯ ಖರ್ಚನ್ನು ದಾರಿಯವರ ಮೇಲೆ ಹೇರುವಂತಿಲ್ಲ.

ಇಸ್ಲಾಂ ಈ ಷರತ್ತನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಹಜ್ ಕಡ್ಡಾಯವಾಗುವುದು ಶಕ್ತಿ ಉಳ್ಳವರಿಗೆ ಮಾತ್ರ. ಪ್ರಯಾಣದ ಖರ್ಚಿನ ಜೊತೆಗೆ, ಹಿಂದಿರುಗುವವರೆಗೆ ಮನೆಯವರ ಹೊಟ್ಟೆಬಟ್ಟೆಗೂ ವ್ಯವಸ್ಥೆ ಆಗಿರಬೇಕು, ಸಾಲದ ಬಾಕಿ ತೀರಿರಬೇಕು. ಭಾರತದಲ್ಲಿ ಹಜ್ ಸಬ್ಸಿಡಿಯನ್ನು ಹತ್ತು ವರ್ಷಗಳೊಳಗೆ ಹಂತಹಂತವಾಗಿ ನಿಲ್ಲಿಸುವಂತೆ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಸ್ವಂತ ಶಕ್ತಿಯಿಂದ ಮಾಡುವುದೇ ಹಜ್ ಎಂದು ಮುಸ್ಲಿಂ ಸಮಾಜದೊಳಗಿಂದಲೇ ಹಲವರು ಒಪ್ಪಿದರು. 2018ರಲ್ಲಿ ಸಬ್ಸಿಡಿ ಪೂರ್ತಿ ನಿಂತಿತು. ಕನ್ನಡ ನಾಡಿನ ಮನೆಗಳ ಮುಡಿಪಿನಲ್ಲೂ ಇದೇ ಎಚ್ಚರವಿದೆ. ಹಳದಿ ಬಟ್ಟೆಯಲ್ಲಿ ಕಾಸಿಗೆ ಕಾಸು ಕಟ್ಟಿಟ್ಟು, ಗಂಟು ತುಂಬಿದ ಮೇಲೆ ತಿರುಪತಿಗೆ ಹೊರಡುವುದು. ಕಾಶಿಗೆ ಹೋಗಿ ಬಂದವರು ಸಮಾರಾಧನೆ ಮಾಡಿ ಊರಿಗೆ ಉಣಿಸುವುದು. ಹೊರಡುವ ಮುನ್ನ ಲೆಕ್ಕ ಚುಕ್ತಾ ಆಗಬೇಕು, ಬಂದ ಮೇಲೆ ಹಂಚಿಕೊಳ್ಳಬೇಕು.

ಇಂದಿನ ಭಾಗಾಕಾರವನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅಗ್ಗಕ್ಕೆ ಮೂರು ಮೂಲಗಳು ಕಾಣುತ್ತವೆ. ಒಂದು, ಆತಿಥೇಯರ ಸಂಕಟ. ಎರಡು, ಆತಿಥೇಯರ ದಾನ. ಮೂರು, ಪ್ರಯಾಣಿಕನ ಸ್ವಂತ ತ್ಯಾಗ. ಪಾಕೀಟಿನ ಮಟ್ಟಿಗೆ ಮೂರೂ ಒಂದೇ. ಧರ್ಮದ ಮಟ್ಟಿಗೆ ಮೂರೂ ಬೇರೆ ಬೇರೆ.

ಮೊದಲನೆಯದಕ್ಕೆ ಹತ್ತಿರದ ಉದಾಹರಣೆ ಶ್ರೀಲಂಕಾ. 2022ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 200 ಇದ್ದ ಅಲ್ಲಿನ ರೂಪಾಯಿ ಮೇ ತಿಂಗಳ ಹೊತ್ತಿಗೆ 360ರ ಆಸುಪಾಸಿಗೆ ಕುಸಿಯಿತು. ಪೆಟ್ರೋಲ್ ಬಂಕ್‌ಗಳ ಮುಂದೆ ಜನ ದಿನಗಟ್ಟಲೆ ಸಾಲು ನಿಂತರು. ಮಕ್ಕಳಿಗೆ ಹಾಲಿನ ಪುಡಿ ಸಿಗಲಿಲ್ಲ. ಕಾಗದದ ಕೊರತೆಯಿಂದ ಶಾಲಾ ಪರೀಕ್ಷೆಗಳು ನಿಂತವು. ಹೊರಗಿನಿಂದ ಡಾಲರ್ ತಂದವನಿಗೆ ಮಾತ್ರ ಅದೇ ಕೋಣೆ, ಅದೇ ಊಟ ಏಕಾಏಕಿ ಸೋವಿಯಾಯಿತು. ಹಾಗಾದರೆ ಅಂಥ ದೇಶಕ್ಕೆ ಹೋಗುವುದೇ ತಪ್ಪೆ? ಹಾಗೆನ್ನುವುದು ದುಡುಕು. ಆ ಹೊತ್ತಿನಲ್ಲಿ ಅಲ್ಲಿನ ಜನರಿಗೆ ಅತ್ಯಂತ ಬೇಕಾಗಿದ್ದುದೇ ವಿದೇಶಿ ಹಣ. ಪ್ರವಾಸಿ ದೂರ ಉಳಿದರೆ ಅವರ ಕಷ್ಟ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ತಪ್ಪು ನಡೆಯುವುದು ಅಲ್ಲಿಗೆ ತಲುಪಿದ ಮೇಲೆ. ಅರ್ಧಕ್ಕೆ ಇಳಿದ ಬಾಡಿಗೆಯನ್ನು ಚೌಕಾಸಿ ಮಾಡಿ ಇನ್ನೂ ಇಳಿಸಿದಾಗ ಆ ಹಣ ಕಡಿತವಾಗುವುದು ಕೋಣೆ ಗುಡಿಸುವ ಹೆಂಗಸಿನ ದಿನಗೂಲಿಯಲ್ಲಿ, ಅಡುಗೆಮನೆಯ ಹುಡುಗನ ಸಂಬಳದಲ್ಲಿ. ಉಳಿಸಿದ ಹಣದಲ್ಲಿ ಪ್ರಯಾಣಿಕ ಇನ್ನೊಂದು ದಿನ ತಂಗುತ್ತಾನೆ. ಆ ದಿನದ ಖರ್ಚನ್ನು ಕೊಟ್ಟವರು ಅವರು.

ಎರಡನೆಯ ಬಗೆಯ ಅಗ್ಗವನ್ನು ನೋಡಲು ಜಪಾನಿನ ಶಿಕೊಕು ದ್ವೀಪಕ್ಕೆ ಹೋಗಬೇಕು. ಕೂಕೈ (774–835) ಎಂಬ ಬೌದ್ಧ ಗುರುವಿನ ನೆನಪಿನಲ್ಲಿ ಅಲ್ಲಿ 88 ದೇವಾಲಯಗಳನ್ನು ಸುತ್ತುವ ಯಾತ್ರೆಯಿದೆ. ದಾರಿ ಸುಮಾರು 1,200 ಕಿಲೋಮೀಟರ್. ನಡೆದು ಮುಗಿಸಲು ನಲವತ್ತು ದಿನಗಳಿಗೂ ಹೆಚ್ಚು ಬೇಕು. ಬಿಳಿ ಅಂಗಿ ತೊಟ್ಟು ಕೋಲು ಹಿಡಿದು ನಡೆಯುವ ಯಾತ್ರಿಕನನ್ನು ದಾರಿ ಬದಿಯ ಅಜ್ಜಿಯೊಬ್ಬರು ನಿಲ್ಲಿಸುತ್ತಾರೆ. ಎರಡೂ ಕೈಯಲ್ಲಿ ಒಂದು ಕಿತ್ತಳೆ, ಒಂದು ಚಹದ ಬಾಟಲಿ, ಕೆಲವೊಮ್ಮೆ ನೂರು ಯೆನ್ ನಾಣ್ಯ ಕೊಡುತ್ತಾರೆ. ಈ ಕೊಡುಗೆಗೆ ಒಸೆತ್ತಾಯ್ ಎನ್ನುತ್ತಾರೆ. ಅದನ್ನು ಬೇಡವೆನ್ನುವಂತಿಲ್ಲ. ಯಾತ್ರಿಕ ತನ್ನ ಹೆಸರು, ಊರು ಬರೆದ ಕಾಗದದ ಚೀಟಿಯೊಂದನ್ನು ಪ್ರತಿಯಾಗಿ ಕೊಡುತ್ತಾನೆ. ಕೊಟ್ಟವರ ನಂಬಿಕೆಯಲ್ಲಿ ಕೋಲೇ ಗುರು, ಗುರು ಯಾತ್ರಿಕನ ಜೊತೆಯಲ್ಲೇ ನಡೆಯುತ್ತಿದ್ದಾನೆ. ಹಿಂದೊಮ್ಮೆ ಗುರು ಸೇತುವೆಯ ಕೆಳಗೆ ಮಲಗಿ ರಾತ್ರಿ ಕಳೆದನೆಂಬ ಐತಿಹ್ಯವಿರುವುದರಿಂದ, ಸೇತುವೆ ದಾಟುವಾಗ ಯಾರೂ ಕೋಲನ್ನು ಊರುವುದಿಲ್ಲ; ಎತ್ತಿ ಹಿಡಿದು ದಾಟುತ್ತಾರೆ.

ಸ್ಪೇನಿನಲ್ಲಿ ಸಾಂತಿಯಾಗೊ ಯಾತ್ರೆಯ ದಾರಿಗೂ ಇದೇ ಗುಣವಿದೆ. ಫ್ರಾನ್ಸಿನ ಗಡಿಯಿಂದ ಸುಮಾರು 780 ಕಿಲೋಮೀಟರ್ ನಡೆಯುವ ಈ ದಾರಿಯಲ್ಲಿ ನಿಗದಿತ ಬಾಡಿಗೆಯಿಲ್ಲದ ಛತ್ರಗಳಿವೆ. ಗ್ರಾನ್ಯೋನ್ ಎಂಬ ಹಳ್ಳಿಯಲ್ಲಿ ಚರ್ಚಿಗೆ ಸೇರಿದ ಜಾಗದಲ್ಲೇ ಚಾಪೆ ಹಾಸಿ ಮಲಗುತ್ತಾರೆ, ರಾತ್ರಿ ಎಲ್ಲರೂ ಕೂಡಿ ಅಡುಗೆ ಮಾಡಿ ಉಣ್ಣುತ್ತಾರೆ. ಅಲ್ಲಿರುವ ಹಣದ ಪೆಟ್ಟಿಗೆಯ ನಿಯಮ ವಿಶೇಷವಾದದ್ದು: ಆದಷ್ಟು ಹಾಕಬಹುದು, ಅಗತ್ಯವಿದ್ದವರು ತೆಗೆದುಕೊಳ್ಳಲೂಬಹುದು. ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಎಸ್. ಎನ್. ಗೋಯೆಂಕಾ ಜಗತ್ತಿನಾದ್ಯಂತ ಹರಡಿದ ವಿಪಶ್ಯನಾ ಕೇಂದ್ರಗಳ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹತ್ತು ದಿನಗಳ ಶಿಬಿರಕ್ಕೆ ಊಟ, ವಸತಿ ಎರಡೂ ಉಚಿತ. ಒಮ್ಮೆಯಾದರೂ ಶಿಬಿರ ಮುಗಿಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ. ಇಂದು ಉಂಡವನ ಅನ್ನ ನಿನ್ನೆ ಉಂಡು ಹೋದವನದು. ಇವನು ಕೊಟ್ಟರೆ ಅದು ನಾಳೆ ಬರುವವನಿಗೆ.

ಇಲ್ಲಿ ಪುಲಸ್ತ್ಯನ ಷರತ್ತಿಗೆ ಉತ್ತರ ಸಿಗುತ್ತದೆ. ಪ್ರತಿಗ್ರಹ ದೋಷವಾಗುವುದು ಕೊಡುಗೆ ಪಡೆದವನಲ್ಲೇ ನಿಂತುಹೋದಾಗ. ಅವನ ಕೈ ದಾಟಿ ಮುಂದಕ್ಕೆ ಹೋದರೆ ದೋಷ ಉಳಿಯುವುದಿಲ್ಲ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರಾನ್ನ ಉಂಡು ಓದಿದವರ ತಲೆಮಾರು ಇನ್ನೂ ನೆನಪಿನಲ್ಲಿದೆ. ವಾರದ ಏಳು ದಿನ ಏಳು ಮನೆ. ಯಾವ ಮನೆಗೂ ಆ ಹುಡುಗ ಭಾರವಾಗಲಿಲ್ಲ. ಹಾಗೆ ಓದಿ ಕೆಲಸಕ್ಕೆ ಸೇರಿದ ಎಷ್ಟೋ ಜನ ಮುಂದೆ ತಮ್ಮ ಮನೆಯಲ್ಲಿ ಬೇರೆ ಹುಡುಗರಿಗೆ ಎಲೆ ಹಾಕಿದರು.

ಮೂರನೆಯ ಬಗೆ, ಸ್ವಂತ ತ್ಯಾಗದಿಂದ ಹುಟ್ಟುವ ಅಗ್ಗ. ಇದರ ಕಥೆ ಶುರುವಾಗುವುದು ಬೆಂಗಳೂರಿನ ಒಂದು ಕಾಫಿ ಮೇಜಿನ ಮುಂದೆ. 1961ರಲ್ಲಿ ಅಣುಬಾಂಬಿನ ವಿರುದ್ಧ ಪ್ರತಿಭಟಿಸಿ, ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ 89ರ ವಯಸ್ಸಿನಲ್ಲಿ ಜೈಲಿಗೆ ಹೋದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಓದಿದ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಅಣ್ವಸ್ತ್ರ ಹೊಂದಿದ ದೇಶಗಳ ರಾಜಧಾನಿಗಳಿಗೆ ನಡೆದೇ ಹೋಗುವುದೆಂದು ನಿಶ್ಚಯಿಸಿದರು. ಸತೀಶ್ ಒಂಬತ್ತರ ವಯಸ್ಸಿಗೇ ಜೈನ ಮುನಿಯಾಗಿ, ಹದಿನೆಂಟಕ್ಕೆ ಆ ಬದುಕು ಬಿಟ್ಟು ಬಂದವರು. ಆಶೀರ್ವಾದ ಕೇಳಿದಾಗ ವಿನೋಬಾ ಭಾವೆ ಎರಡು ಮಾತು ಹೇಳಿದರು: ಕೈಯಲ್ಲಿ ಹಣ ಇರಕೂಡದು, ಸಸ್ಯಾಹಾರ ಬಿಡಕೂಡದು. 1962ರಲ್ಲಿ ದೆಹಲಿಯ ಗಾಂಧೀ ಸಮಾಧಿಯಿಂದ ಹೊರಟ ಇಬ್ಬರೂ ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ ಮಾಸ್ಕೋ, ಪ್ಯಾರಿಸ್, ಲಂಡನ್ ಮುಟ್ಟಿ, ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ವಾಷಿಂಗ್ಟನ್ ತಲುಪಿದರು. ಒಟ್ಟು ಸುಮಾರು 8,000 ಮೈಲಿ.

ಪಾಕಿಸ್ತಾನದ ಗಡಿಯಲ್ಲಿ ಸ್ನೇಹಿತರೊಬ್ಬರು ಕೊಟ್ಟ ಬುತ್ತಿಯನ್ನು ಸತೀಶ್ ಒಲ್ಲೆನೆಂದರು. ಬುತ್ತಿ ಹೊತ್ತುಕೊಂಡರೆ ಆಚೆಯ ಜನ ಅನ್ನ ಕೊಡುವುದಿಲ್ಲವೆಂದು ನಂಬಿದಂತಾಗುತ್ತದೆ ಎಂಬುದು ಅವರ ಕಾರಣ. ಅನ್ನ ಸಿಗದ ದಿನವನ್ನು ಉಪವಾಸವೆಂದು ಎಣಿಸಿದರು. ಸೋವಿಯತ್ ನಾಡಿನ ಒಂದು ಚಹ ಕಾರ್ಖಾನೆಯ ಬಳಿ ಹೆಂಗಸೊಬ್ಬರು ನಾಲ್ಕು ಪೊಟ್ಟಣ ಚಹ ಕೊಟ್ಟು, ನಾಲ್ಕು ರಾಜಧಾನಿಗಳ ನಾಯಕರಿಗೆ ತಲುಪಿಸಿ, ಬಾಂಬಿನ ಗುಂಡಿ ಒತ್ತುವ ಮನಸ್ಸಾದಾಗ ಮೊದಲು ಈ ಚಹ ಕುಡಿಯಲು ಹೇಳಿ ಎಂದರು. ಹಣವಿಲ್ಲದ ಇಬ್ಬರ ಜೋಳಿಗೆಯಲ್ಲಿ ಆ ಪೊಟ್ಟಣಗಳು ಕಡಲು ದಾಟಿದವು. ಅವರು ಅಗ್ಗದ ದೇಶ ಹುಡುಕಿದವರಲ್ಲ. ಹೋಗಲೇಬೇಕಾದ ಊರುಗಳನ್ನು ಮೊದಲು ಗೊತ್ತುಮಾಡಿಕೊಂಡು, ಖರ್ಚನ್ನು ತಮ್ಮ ಮೈಯಲ್ಲಿ ಇಳಿಸಿಕೊಂಡವರು.

ಇಂದು ಹಾಗೆ ಹೊರಡಲು ಸಾಧ್ಯವೇ? ಬಹಳ ಮಟ್ಟಿಗೆ ಇಲ್ಲ. ಸಾಂತಿಯಾಗೊ ದಾರಿಯಲ್ಲಿ ನಡೆಯಲು ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಅದಕ್ಕೆ ಬ್ಯಾಂಕ್ ಖಾತೆಯ ಲೆಕ್ಕ ತೋರಿಸಬೇಕು, 30,000 ಯೂರೊ ಮೊತ್ತದ ಆರೋಗ್ಯ ವಿಮೆ ಮಾಡಿಸಬೇಕು, 90 ದಿನಗಳೊಳಗೆ ಮರಳಬೇಕು. ಛತ್ರದ ಬಾಗಿಲು ಬರಿಗೈಯವನಿಗೆ ತೆರೆದಿದ್ದರೂ ದೇಶದ ಬಾಗಿಲು ತೆರೆದಿಲ್ಲ.

ಕೆಲವು ದೇಶಗಳು ಅಗ್ಗದ ಪ್ರವಾಸವನ್ನೇ ಬೇಡವೆನ್ನುತ್ತಿವೆ. ಭೂತಾನ್ ವಿದೇಶಿ ಪ್ರವಾಸಿಗರ ಮೇಲಿನ ದಿನದ ಶುಲ್ಕವನ್ನು 2022ರಲ್ಲಿ 200 ಡಾಲರ್‌ಗೆ ಏರಿಸಿ, ಮರುವರ್ಷ 100ಕ್ಕೆ ಇಳಿಸಿತು. ಭಾರತೀಯರಿಗೆ ಅದು 1,200 ರೂಪಾಯಿ. ಬಾರ್ಸಿಲೋನಾದಲ್ಲಿ 2024ರ ಜುಲೈನಲ್ಲಿ ಮನೆಬಾಡಿಗೆಯ ಏರಿಕೆಯಿಂದ ರೋಸಿಹೋದ ಜನ ಪ್ರವಾಸಿಗರ ಮೇಲೆ ಆಟದ ಪಿಸ್ತೂಲಿನಿಂದ ನೀರು ಎರಚಿದರು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸುಮಾರು 10,000 ಫ್ಲ್ಯಾಟುಗಳ ಪರವಾನಗಿಯನ್ನು 2028ರ ಹೊತ್ತಿಗೆ ಕೊನೆಗೊಳಿಸುವುದಾಗಿ ಆ ನಗರಾಡಳಿತ ಹೇಳಿದೆ. ಈ ಸಿಟ್ಟನ್ನು ತಳ್ಳಿಹಾಕುವಂತಿಲ್ಲ. ಆದರೆ ಶುಲ್ಕದ ಗೋಡೆ ಕಟ್ಟಿದಾಗ ಹೊರಗುಳಿಯುವವನು ಬಡ ಪ್ರಯಾಣಿಕನೇ. ನೆಲಕ್ಕೂ ನೆರೆಗೂ ಹೆಚ್ಚು ಭಾರವಾಗುವವನು, ದೊಡ್ಡ ಹೋಟೆಲಿನಲ್ಲಿ ಇಳಿದು ಎರಡು ದಿನದಲ್ಲಿ ಎಲ್ಲ ನೋಡಿ ಹೋಗುವವನು, ಶುಲ್ಕ ಕಟ್ಟಿ ಒಳಗೆ ಬರುತ್ತಾನೆ. ಬಡವನಿಗೂ ಯಜ್ಞದ ಫಲ ಉಂಟೆಂದ ಮಹಾಭಾರತದ ಭರವಸೆಗೆ ಈ ನೀತಿಯಲ್ಲಿ ಜಾಗವಿಲ್ಲ.

ಹಾಗಾಗಿ ದೇಶವನ್ನು ಆರಿಸುವಾಗ ಕೇಳಬೇಕಾದ್ದು, ಅಗ್ಗ ಎಲ್ಲಿದೆ ಎಂದಲ್ಲ, ಯಾವುದರಿಂದ ಹುಟ್ಟಿದೆ ಎಂದು. ಸ್ವಂತ ಸುಖ ಬಿಟ್ಟಿದ್ದರಿಂದ ಉಳಿದ ಹಣ ಶುದ್ಧ: ವಿಮಾನದ ಬದಲು ರೈಲು, ಕಾರಿನ ಬದಲು ಕಾಲು, ಹತ್ತು ಊರಿನ ಬದಲು ಒಂದೇ ಊರಿನಲ್ಲಿ ತಿಂಗಳ ವಾಸ. ದಾನದಿಂದ ಉಳಿದದ್ದು ಸಾಲ. ಅದು ಮುಂದೆ ಸಾಗಬೇಕು. ಆತಿಥೇಯರ ಸಂಕಟದಿಂದ ಉಳಿದದ್ದನ್ನು ಅಲ್ಲೇ ಬಿಟ್ಟು ಬರಬೇಕು.

ಈ ಅಳತೆಗೆ ಕರ್ನಾಟಕದಿಂದ ಹೊರಡುವವರಿಗೆ ಮೊದಲು ಒದಗುವ ದೇಶ ನೇಪಾಳ. ಭಾರತೀಯರಿಗೆ ವೀಸಾ ಬೇಕಿಲ್ಲ, ರೈಲು ಬಸ್ಸುಗಳಲ್ಲೇ ತಲುಪಬಹುದು. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60 ರೂಪಾಯಿ ಎಂಬ ದರ 1993ರಿಂದ ಬದಲಾಗಿಲ್ಲ. ಲುಂಬಿನಿಯಲ್ಲಿ, ಕಠ್ಮಂಡುವಿನಲ್ಲಿ ದಾನದಿಂದಲೇ ನಡೆಯುವ ವಿಪಶ್ಯನಾ ಕೇಂದ್ರಗಳಿವೆ. ಬುದ್ಧ ಹುಟ್ಟಿದ ಆ ಲುಂಬಿನಿಯಲ್ಲೇ ಅಶೋಕ ನಿಲ್ಲಿಸಿದ ಕಂಬವೊಂದಿದೆ. ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಿಂದ ಕನ್ನಡಿಗರಿಗೆ ಗುರುತಾದ ಅದೇ ಅಶೋಕ ಪಟ್ಟಾಭಿಷೇಕವಾಗಿ 20 ವರ್ಷವಾದ ಮೇಲೆ ಯಾತ್ರಿಕನಾಗಿ ಅಲ್ಲಿಗೆ ಬಂದ. ಬಂದದ್ದನ್ನು ಕಂಬದ ಮೇಲೆ ಕೆತ್ತಿಸಿ, ಅದರ ಜೊತೆಗೇ ಊರಿನ ಮೇಲಿನ ಕರ ತೆಗೆದು, ಬೆಳೆಯಲ್ಲಿ ಅರಮನೆಗೆ ಸಲ್ಲಬೇಕಾದ ಪಾಲನ್ನು ಎಂಟರಲ್ಲೊಂದಕ್ಕೆ ಇಳಿಸಿದ ಸಂಗತಿಯನ್ನೂ ಕೆತ್ತಿಸಿದ. ಯಾತ್ರಿಕ ಬಂದದ್ದರಿಂದ ಆ ಊರಿನ ಹೊರೆ ಇಳಿಯಿತು.

ಅರಸನಿಗೆ ಸಾಧ್ಯವಾದದ್ದು ಎರಡು ಲಕ್ಷದ ಪ್ರಯಾಣಿಕನಿಗೂ ಅವನ ಮಟ್ಟಿಗೆ ಸಾಧ್ಯ. ಹೊರಡುವ ಮುನ್ನ ಕೈಸಾಲ ತೀರಿಸಿ, ಮನೆಯ ಖರ್ಚಿಗೆ ಎತ್ತಿಡಿ. ಉಳಿದದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ಬೇರೆ ಕಟ್ಟಿ, ಅದನ್ನು ಪೂರ್ತಿಯಾಗಿ ದಾರಿಯ ದಾನಪೆಟ್ಟಿಗೆಗೆ, ಹೊರೆ ಹೊರುವವರಿಗೆ, ಕೋಣೆ ಗುಡಿಸುವವರಿಗೆ ಮೀಸಲಿಡಿ. ಅದರಿಂದ ಪ್ರವಾಸ ಒಂದು ವಾರ ಮೊಟಕಾದರೆ ಆಗಲಿ.