ನೆತ್ತರುಗೊಡಗೆಯ ಋಣ



ವಯನಾಡು ಜಿಲ್ಲೆಯ ಪುಲ್ಪಳ್ಳಿ ಪಂಚಾಯಿತಿಗೆ ಸೇರಿದ ಚೇಕಾಡಿ ನಮ್ಮ ಕೋಟೆ ಸೀಮೆಯ ನೆರೆಯ ಹಳ್ಳಿ. ಸುತ್ತ ಕಾಡು, ಒಂದು ಮಗ್ಗುಲಿಗೆ ಕಬಿನಿ, ನಡುವೆ ಗಂಧಕಸಾಲೆ ಭತ್ತದ ಗದ್ದೆ. ಭತ್ತ ತೆನೆಗಟ್ಟಿತೆಂದರೆ ಆನೆ ಇಳಿಯುತ್ತದೆ. ಆಗ ಅಟ್ಟಣೆಯ ಮೇಲೆ ಯಾರಾದರೊಬ್ಬರು ಚಳಿಯಲ್ಲಿ ರಾತ್ರಿಯಿಡೀ ಎಚ್ಚರವಾಗಿರಲೇಬೇಕು. ಅವರು ಎಚ್ಚರವಿರುವುದರಿಂದ ಉಳಿದವರು ಮಲಗುತ್ತಾರೆ. ಹಾಗೆಂದು ಬೆಳಿಗ್ಗೆ ಅವರಿಗೆ ಯಾರೂ ಹಾರ ಹಾಕುವುದಿಲ್ಲ, ಅವರೂ ಅದನ್ನು ಬಯಸುವುದಿಲ್ಲ. ಇಂದು ಇವನು, ನಾಳೆ ಅವನು. ಸರದಿಯಲ್ಲಿಯೇ ಋಣ ತೀರಿಹೋಗುತ್ತದೆ.

ದೇಶದ ಗಡಿಯ ಅಟ್ಟಣೆಗೆ ಇಂಥ ಸರದಿ ಇಲ್ಲ. ಕೆಲವು ಮನೆಗಳ ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಉಳಿದ ನಾವೆಲ್ಲ ಮಲಗುತ್ತೇವೆ. ಹಾಗಾದರೆ ಈ ಋಣ ತೀರುವ ಬಗೆ ಯಾವುದು? ಯಾರ ಗಂಟಿನಿಂದ ಅದು ತೀರಬೇಕು? 1949ರಿಂದ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವೆಂದು ಆಚರಿಸಲಾಗುತ್ತಿದೆ. ಆ ದಿನ ಕಾಗದದ ಪುಟ್ಟ ಧ್ವಜವನ್ನು ಎದೆಗೆ ಚುಚ್ಚಿಕೊಂಡು ಡಬ್ಬಿಗೆ ನಾಣ್ಯ ಹಾಕುತ್ತೇವೆ. ಸಂಜೆ ಅಂಗಿಯನ್ನು ಒಗೆಯಲು ಹಾಕುವಾಗ ಧ್ವಜವೂ ಹೋಗುತ್ತದೆ, ನೆನಪೂ ಹೋಗುತ್ತದೆ.

ಚೇಕಾಡಿಯನ್ನು ದಾಟಿದ ಕಬಿನಿ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಇಳಿಯುತ್ತದೆ. ಆ ತಾಲ್ಲೂಕಿನ ಸಿಪಾಯಿ ಮಹೇಶ ಪಿ.ಎನ್. 2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದಾಗ ತೀರಿಕೊಂಡರು. ಹಿಮದಡಿ ಸಿಕ್ಕಿದವರು ಹತ್ತು ಮಂದಿ. ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ, ಕೇರಳದ ಕೊಲ್ಲಂ ಜಿಲ್ಲೆಯ ಸುಧೀಶ್ ಅವರಲ್ಲಿದ್ದರು. ಉಳಿದವರು ತಮಿಳುನಾಡು, ಆಂಧ್ರ, ಮಹಾರಾಷ್ಟ್ರದವರು. ಹನುಮಂತಪ್ಪನವರನ್ನು ಆರು ದಿನಗಳ ಮೇಲೆ ಜೀವಂತವಾಗಿ ಹೊರತೆಗೆದಾಗ ನಾಡೆಲ್ಲ ಕೈಮುಗಿದು ಕುಳಿತಿತ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ಹೋದರು. ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕೆಂದು ಗಡಿಭಾಗದ ನಾವು ಎಷ್ಟು ಜಗಳವಾಡಿದ್ದೇವೆ! ಅಲ್ಲಿ ಐದು ರಾಜ್ಯಗಳ ಮಕ್ಕಳು ಒಂದೇ ಹಿಮದಡಿ ಮಲಗಿದ್ದರು.

ನಮ್ಮ ಹಿರಿಯರು ಈ ಋಣವನ್ನು ಹೇಗೆ ಕಂಡರು? ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿಯ ಕಲ್ಲನ್ನೇ ನೋಡಿ. ಸುಮಾರು ಕ್ರಿ.ಶ. 450ರ ಆ ಶಾಸನದ ವಿಷಯ, ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮುೞಿವಳ್ಳಿ ಎಂಬ ಊರುಗಳನ್ನು ಕೊಟ್ಟದ್ದು. ಕತ್ತಿ ತೊಳೆದು ಕೊಡುವ ಆ ದತ್ತಿಗೆ 'ಬಾಳ್ಗಳ್ಚು' ಎಂದು ಹೆಸರು. ಮುಂದೆ ಮಡಿದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿ ನಾಡಿನಲ್ಲಿ ಬೇರೂರಿತು. ಅದನ್ನು ನೆತ್ತರುಗೊಡಗೆ ಎಂದರು, ಕಲ್ನಾಡು ಎಂದರು. ಊರಬಾಗಿಲಲ್ಲಿ ವೀರಗಲ್ಲು ನಿಂತರೆ ಊರ ಕೆರೆಯ ಕೆಳಗೆ ಆ ಮನೆಯವರಿಗೆ ಗದ್ದೆ. ಅಷ್ಟೇಕೆ, ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು! ನಾವು ಕಲ್ಲನ್ನು ಉಳಿಸಿಕೊಂಡೆವು, ಕೊಡಗೆಯನ್ನು ಮರೆತೆವು. ವೃತ್ತಕ್ಕೆ ಯೋಧನ ಹೆಸರಿಡುತ್ತೇವೆ. ಪರಿಹಾರದ ಹಣ ಬಂದ ದಿನ ಅವನ ಹೆಂಡತಿಯ ಸುತ್ತ ನೆಂಟರು ನೆರೆಯುತ್ತಾರೆ. ಹಣ ಕರಗಿದ ಮೇಲೆ ಆ ತಾಯಿ ಹೇಗಿದ್ದಾಳೆಂದು ಕೇಳುವವರಿಲ್ಲ.

ಕೊಡಗೆಯ ಮಾತು ಬಂದಾಗ ವಯನಾಡಿನದೇ ಒಂದು ಸಂಗತಿಯನ್ನು ನೆನೆಯಬೇಕು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಆಗಿನ ಮದ್ರಾಸ್ ಸರ್ಕಾರ ಮರಳಿ ಬಂದ ಸೈನಿಕರಿಗೆ ಈ ಬೆಟ್ಟಸೀಮೆಯಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಲು ಹೊರಟಿತು. ಅಂಬಲವಯಲಿನಲ್ಲಿ ಈಗಿರುವ ಕೃಷಿ ಸಂಶೋಧನಾ ಕೇಂದ್ರದ ಮೂಲ 1945ರ ಸುಮಾರಿನ ಆ ಯೋಜನೆಯೇ. ಹಾರಕ್ಕಿಂತ ಎಷ್ಟೋ ಮೇಲಾದ ಕೃತಜ್ಞತೆ ಅದು. ಮಲೇರಿಯಾದ ಕಾಡಿನಲ್ಲಿ ಮನೆ ಕಟ್ಟಿದವರಿಗೆ ಅದೂ ಇನ್ನೊಂದು ಯುದ್ಧವೇ ಆಗಿದ್ದಿರಬೇಕು. ಆದರೆ ಆ ಸೀಮೆಯಲ್ಲಿ ತಲೆತಲಾಂತರದಿಂದ ಬಾಳಿದ, ದುಡಿದ ಪಣಿಯ, ಅಡಿಯ, ಕಾಟ್ಟುನಾಯ್ಕ ಜನರ ಕೈಯಲ್ಲಿ ಪಟ್ಟಾ ಎಂಬ ಕಾಗದ ಇರಲಿಲ್ಲ. 2003ರ ಫೆಬ್ರವರಿ 19ರಂದು ಮುತ್ತಂಗದ ಕಾಡಿನಲ್ಲಿ ಭೂಮಿ ಕೇಳಿ ಕುಳಿತ ಆದಿವಾಸಿಗಳ ಮೇಲೆ ಗೋಲಿಬಾರ್ ನಡೆಯಿತು. ಆ ದಿನ ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಪ್ರಾಣ ಕಳೆದುಕೊಂಡರು. ಅವರು ಭೂಮಿ ಕಳೆದುಕೊಂಡದ್ದಕ್ಕೆ ಸೈನಿಕರ ವಸತಿಯೊಂದೇ ಕಾರಣವಲ್ಲ. ತೋಟಗಳು, ವಲಸೆ, ಅರಣ್ಯದ ಕಾನೂನು ಎಲ್ಲವೂ ಸೇರಿವೆ. ಕೊಟ್ಟದ್ದನ್ನು ತೆಗೆದುಕೊಂಡ ಸೈನಿಕನ ತಪ್ಪೂ ಅಲ್ಲ. ಆದರೂ ಕೊಡುವವರು ತಮ್ಮ ಗಂಟಿನಿಂದ ಕೊಟ್ಟರೇ, ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದನೇ ಎಂದು ಕೇಳದೆ ಇರಲಾಗದು.

ಆ ಸೈನಿಕರು ಇಂಗ್ಲಿಷರ ಬಾವುಟದ ಕೆಳಗೆ ಹೋರಾಡಿದವರಲ್ಲವೇ, ಅವರ ಋಣ ನಮಗೇಕೆ ಎನ್ನುವವರಿದ್ದಾರೆ. ಇದೇ ನೆಲದ ಕಥೆ ಕೇಳಿ. 1802ರಲ್ಲಿ ಪಳಶಿರಾಜನ ಕಡೆಯವರು ಪುಲ್ಪಳ್ಳಿಯ ದೇವಾಲಯದಲ್ಲಿ ಜನರನ್ನು ಆಯುಧ ಹಿಡಿಯಲು ಕರೆದರು. ಆ ವರ್ಷದ ಅಕ್ಟೋಬರಿನಲ್ಲಿ ತಲಕ್ಕಲ್ ಚಂದುವಿನ ಕುರಿಚ್ಯ ಬಿಲ್ಲಾಳುಗಳು ಪನಮರಂ ಕೋಟೆಯ ಮೇಲೆ ಬಿದ್ದರು. ಕಂಪನಿಯ ಕಡೆ ಸತ್ತ ಸುಮಾರು ಎಪ್ಪತ್ತು ಮಂದಿಯಲ್ಲಿ ಹೆಚ್ಚಿನವರು ಸಂಬಳಕ್ಕೆ ಬಂದ ನಮ್ಮ ನಾಡಿನ ಸಿಪಾಯಿಗಳೇ. ಚಂದುವಿಗೆ ಇಂದು ಪನಮರದಲ್ಲಿ ಸ್ಮಾರಕವಿದೆ, ಆಗಬೇಕಾದದ್ದೇ. ಆ ಸಿಪಾಯಿಗಳಿಗೂ ತಾಯಂದಿರಿದ್ದರು. ಕಳುಹಿಸಿದವನ ಲೆಕ್ಕ ಬೇರೆ, ಹೋಗಿ ನಿಂತವನ ಲೆಕ್ಕ ಬೇರೆ ಎಂದು ನಮಗೆ ತೋರುತ್ತದೆ. ಯುದ್ಧ ಸರಿಯೋ ತಪ್ಪೋ ಎಂದು ವಾದಿಸಲು ಎಲ್ಲರಿಗೂ ಹಕ್ಕಿದೆ. ಕಾಲು ಕಳೆದುಕೊಂಡು ಬಂದವನ ಔಷಧಿಯನ್ನು ಆ ವಾದ ಮುಗಿಯುವವರೆಗೆ ತಡೆದಿಡಲು ಯಾರಿಗೂ ಹಕ್ಕಿಲ್ಲ.

2024ರ ಜುಲೈ 30ರ ಭೂಕುಸಿತದ ಮೇಲೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಚೂರಲ್‌ಮಲದಲ್ಲಿ 190 ಅಡಿಯ ಸೇತುವೆಯನ್ನು ಆಗಸ್ಟ್ 1ರ ಸಂಜೆಯೊಳಗೆ ಕಟ್ಟಿ ನಿಲ್ಲಿಸಿದರು. ಅವರು ಹೊರಟಾಗ ಮನೆ ಕಳೆದುಕೊಂಡ ಜನ ಚಪ್ಪಾಳೆ ತಟ್ಟಿ ಬೀಳ್ಕೊಟ್ಟರು. ಆ ಚಪ್ಪಾಳೆಗೆ ಬೆಲೆಯಿದೆ, ಏಕೆಂದರೆ ತಟ್ಟಿದವರ ಬಳಿ ಕೊಡಲು ಇನ್ನೇನೂ ಉಳಿದಿರಲಿಲ್ಲ. ನಮ್ಮ ಬಳಿ ಉಳಿದಿದೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಜಾತ್ರೆಯ ವೇದಿಕೆಯಲ್ಲಿ 1971ರ ಯುದ್ಧದಲ್ಲಿದ್ದ ಹಿರಿಯರೊಬ್ಬರಿಗೆ ಸನ್ಮಾನ ಮಾಡಿದೆವು. ಶಾಲು ಒಬ್ಬ ಭಕ್ತರು ತಂದದ್ದು, ಹಾರ ಇನ್ನೊಬ್ಬರು ತಂದದ್ದು. ನಮ್ಮದೆಂದು ಕೊಟ್ಟದ್ದು ಐದು ನಿಮಿಷ. ಪ್ರಸಾದ ಮುಗಿದ ಮೇಲೆ ಅವರು ಬಂದು, "ಬುದ್ಧೀ, ಶಾಲು ಇರ್ಲಿ. ನನ್ ದರಖಾಸ್ತು ಅರ್ಜಿ ಹನ್ನೊಂದು ವರ್ಷದಿಂದ ಕೂತದೆ. ಒಂದು ಕಾಗದ ಬರೆಸ್ಕೊಡಿ" ಎಂದರು. ಮಾಜಿ ಸೈನಿಕರಿಗೆ ಸರ್ಕಾರಿ ಭೂಮಿಯಲ್ಲಿ ಪಾಲು ಮೀಸಲಿಡಬೇಕೆಂದು ಕರ್ನಾಟಕದ 1969ರ ನಿಯಮಗಳಲ್ಲಿಯೇ ಇದೆ. ನಾವು ಬರೆಸಿದೆವು, ಕಚೇರಿಯ ಬೆಂಚಿನಲ್ಲಿ ಅವರ ಜೊತೆ ಕುಳಿತೆವು. ಎರಡು ವರ್ಷಕ್ಕೆ ಎರಡು ಎಕರೆ ತೋರಿಸಿದರು. ಹೋಗಿ ನೋಡಿದರೆ ಅಲ್ಲಿ ಹುರುಳಿ ಬಿತ್ತಿತ್ತು, ಹೊಲದ ಮೂಲೆಯಲ್ಲಿ ಒಂದು ಅಟ್ಟಣೆ, ಕೆಳಗೆ ಕೂಲಿಯವರ ಕುಟುಂಬ. ಅವರ ಬಳಿ ಕಾಗದವಿರಲಿಲ್ಲ. ನಮ್ಮ ಹಿರಿಯರು ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತು, "ನಡೀರಿ ಬುದ್ಧೀ, ಇದು ಬ್ಯಾಡ. ಇಲ್ಲಿ ಆಗ್ಲೇ ಕಾವಲು ಇದೆ" ಎಂದು ತಿರುಗಿಬಿಟ್ಟರು.

ಬೇರೆ ಭೂಮಿ ಕೊಡಿ ಎಂದು ಮತ್ತೆ ಬರೆದಿದ್ದೇವೆ, ಉತ್ತರ ಬಂದಿಲ್ಲ. ಅವರಿಗೆ ಈಗ ಮಂಡಿನೋವು, ಬಸ್ಸು ಹತ್ತಲಾರರು. ಈ ಸಲದ ಧ್ವಜ ದಿನ ವೇದಿಕೆ ಹಾಕುವುದಿಲ್ಲ. ಆ ದಿನ ಕಚೇರಿ ತೆರೆದಿದ್ದರೆ ಮಠದ ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು ಹೋಗುತ್ತೇವೆ. ಜೀಪಿನಲ್ಲಿ ಇನ್ನೂ ನಾಲ್ವರಿಗೆ ಜಾಗವಿದೆ. ನಿಮ್ಮ ಊರಿನಲ್ಲಿ ಇಂಥ ಅರ್ಜಿ ಹಿಡಿದು ಕುಳಿತವರಿದ್ದರೆ ತಿಳಿಸಿರಿ.